ಲಾಸನ್ ಪ್ಯಾಲೇಸಿನ ಮಹಾರಾಜ

ಓಕ್‌ಲ್ಯಾಂಡಿನ ಕೆರೆ ದಂಡೆಯಲ್ಲಿರುವ ಲಾಸನ್ ಪ್ಯಾಲೇಸ್ ಹೋಟೆಲಿಗೆ ನೂರು ವರ್ಷ ತುಂಬಿತು. ಅದರ ಚರಿತ್ರೆಯನ್ನು ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಎರಡು ಪುಟದಲ್ಲಿ ಬರೆದುಕೊಡಿ ಎಂದು ಓಕ್‌ಲ್ಯಾಂಡ್ ಸುತ್ತಲಿನ ಕನ್ನಡಿಗರ ಸಂಘವಾದ ನಮ್ಮ ಕೊಲ್ಲಿ ಕನ್ನಡ ಬಳಗದ ಅಧ್ಯಕ್ಷ ಗುರುಕಿರಣ್ ನನಗೆ ಗಂಟುಬಿದ್ದ. ಈ ಸಲದ ರಾಜ್ಯೋತ್ಸವವನ್ನು ಬಳಗದವರು ಅದೇ ಹೋಟೆಲಿನಲ್ಲಿ ಮಾಡುವವರಿದ್ದರು. ಶಾಲೆಯ ಹಾಲ್‌ನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಪೇಪರ್ ತಟ್ಟೆಯಲ್ಲಿ ಬಿಸಿಬೇಳೆಬಾತು ತಿಂದು ಕನ್ನಡಮ್ಮನಿಗೆ ಜೈ ಎಂದರೆ ಈಗ ನಮ್ಮವರಿಗೆ ಸಮಾಧಾನವಿಲ್ಲ. ತೂಗುದೀಪದ ಕೆಳಗೆ ನಿಂತೇ ಜೈ ಅನ್ನಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಕೊಡೆ ಹಿಡಿಯಲೂ ಒಬ್ಬ ಆಳನ್ನು ಹುಡುಕುತ್ತಾರೆ.

ನಾನು ಬರೆದೆ. ಮೂವತ್ತು ವರ್ಷ ಕಂಪನಿಗಳಿಗೆ ಯಂತ್ರಗಳ ಕೈಪಿಡಿ ಬರೆದು ನಿವೃತ್ತಳಾದವಳು ನಾನು, ಬಿಂದುಶ್ರೀ. ಯಾರೂ ಓದದ್ದನ್ನು ಬರೆಯುವುದು ನನಗೆ ಹೊಸದಲ್ಲ.

ಚರಿತ್ರೆ ಇಷ್ಟೇ. ಲಾಸನ್ ಎಂಬ ಮರದ ವ್ಯಾಪಾರಿ ಉತ್ತರದ ಕಾಡುಗಳನ್ನು ನುಣ್ಣಗೆ ಬೋಳಿಸಿ, ಬಂದ ದುಡ್ಡಿನಲ್ಲಿ ಏಳಂತಸ್ತಿನ ಈ ಕಟ್ಟಡ ಎಬ್ಬಿಸಿದ. ಎದುರಿಗಿರುವ ಕೆರೆ ಸರಿಯಾಗಿ ನೋಡಿದರೆ ಕೆರೆಯೂ ಅಲ್ಲ, ಸಮುದ್ರದ ನೀರು ಒಳನುಗ್ಗಿ ನಿಂತ ಉಪ್ಪು ಮಡು. ನೀರು ಇಳಿದ ದಿನ ಕೆಸರು ನಾರುತ್ತದೆ. ದೇಶದಲ್ಲೆಲ್ಲ ಮದ್ಯ ನಿಷೇಧವಿದ್ದ ಕಾಲದಲ್ಲಿ ಇಲ್ಲಿ ಟೀ ಕಪ್ಪಿನಲ್ಲಿ ವಿಸ್ಕಿ ಕೊಡುತ್ತಿದ್ದರಂತೆ. ಆ ಕಳ್ಳತನಕ್ಕೆ ಹೋಟೆಲಿನವರು ಈಗ ಪರಂಪರೆ ಎಂಬ ಹೆಸರಿಟ್ಟಿದ್ದಾರೆ. ಷೇರುಪೇಟೆ ಬಿದ್ದಾಗ ಲಾಸನ್ ಪಾಪರ್ ಆದ. ಯುದ್ಧಕಾಲದಲ್ಲಿ ಗಾಯಗೊಂಡ ನಾವಿಕರು ಇಲ್ಲಿ ಮಲಗಿದರು. ಎಪ್ಪತ್ತರ ದಶಕದಲ್ಲಿ ಮೇಲಿನ ಮೂರು ಅಂತಸ್ತಿಗೆ ಪಾರಿವಾಳಗಳೇ ಅತಿಥಿಗಳು. ಆಮೇಲೆ ಯಾರೋ ಕೊಂಡು ಬಣ್ಣ ಹೊಡೆಸಿದರು, ಭೂಕಂಪ ಬಂದು ಬಣ್ಣ ಉದುರಿಸಿತು, ಇನ್ಯಾರೋ ಕೊಂಡು ಮತ್ತೆ ಬಣ್ಣ ಹೊಡೆಸಿದರು. ಇದನ್ನೇ ನಾನು ‘ಶತಮಾನದ ವೈಭವ’ ಎಂದು ಬರೆದುಕೊಟ್ಟೆ.

ಹೋಟೆಲಿನವರು ಶತಮಾನೋತ್ಸವಕ್ಕೆಂದು ಒಂದು ಚಿತ್ರಗೋಡೆ ಮಾಡಿಸುತ್ತಿದ್ದರು. ನಮ್ಮ ಸಮಾರಂಭದ ದಿನವೇ ಅದರ ಅನಾವರಣ. ಆ ಗೋಡೆಯ ಚಿತ್ರಗಳಲ್ಲಿ ಒಂದನ್ನು ನಮ್ಮ ಸಂಚಿಕೆಗೂ ಕಳಿಸಿದ್ದರು. ಹಿತ್ತಾಳೆಯ ಬಾಗಿಲಿನ ಮುಂದೆ ಕೆಂಪು ಪೇಟ, ಜರತಾರಿ ಅಂಗಿ, ಹುರಿ ಮೀಸೆಯ ಎತ್ತರದ ಮನುಷ್ಯ. ಕೆಳಗೆ ‘ಭಾರತದ ಮಹಾರಾಜರು, ಗೌರವಾನ್ವಿತ ಅತಿಥಿ, ೧೯೯೪’ ಎಂದಿತ್ತು.

ಗುರುಕಿರಣ್ ಕುಣಿದಾಡಿಬಿಟ್ಟ. “ಆಂಟಿ, ಇದು ನಮ್ಮ ಸೈಡ್ ರಾಜಾನೇ! ಪೇಟ ನೋಡಿ, ಪಕ್ಕಾ ನಾರ್ತ್ ಕರ್ನಾಟಕ ಸ್ಟೈಲು. ಯಾವ್ದಾದ್ರೂ ಸಂಸ್ಥಾನ ಅಂತ ಹಾಕ್ಬಿಡಿ.”

“ತೊಂಬತ್ನಾಲ್ಕರಲ್ಲಿ ರಾಜ ಎಲ್ಲಿಂದ ಬರ್ತಾನೋ?”

“ಮಾಜಿ ಅಂತ ಹಾಕಿ. ಆವತ್ತು ಫೋಟೋಗೆ ಹಾರ ಹಾಕಿ ಒಂದು ಸ್ಪೀಚು ಕೊಡೋಣ. ಒಳ್ಳೇ ಮೊಮೆಂಟು ಆಗತ್ತೆ.”

ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿ, ‘ಉತ್ತರ ಕರ್ನಾಟಕದ ಸಂಸ್ಥಾನವೊಂದರ ಅರಸರೆಂದು ನಂಬಲಾಗಿದೆ’ ಎಂದು ಬರೆದೆ. ಯಾರು ನಂಬಿದ್ದರು? ನಾನೂ ನಂಬಿರಲಿಲ್ಲ. ಬರೆದವಳಿಗೆ ನಾಚಿಕೆ ಇರಲಿಲ್ಲ, ಅಷ್ಟೆ.

ಕರಡು ತಿದ್ದಲು ಸನ್ನಿವೇಲ್‌ನ ದೀಪಾಲಿಯ ಅಪಾರ್ಟ್‌ಮೆಂಟಿಗೆ ಹೋದೆ. ದೀಪಾಲಿ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಗಂಡ ಅಜಯ ದೊಡ್ಡ ಕಂಪನಿಯಲ್ಲಿ ಡೈರೆಕ್ಟರು, ಮಗಳು ಶಿವಾನಿಗೆ ಹದಿಮೂರು ವರ್ಷ. ಅಜಯನ ತಾಯಿ ದ್ಯಾಮವ್ವ ಅವರ ಜೊತೆಗೇ ಇದ್ದಾರೆ. ಟೇಬಲ್ ಮೇಲೆ ಹರಡಿದ್ದ ಪುಟಗಳ ಪಕ್ಕದಲ್ಲಿ ದ್ಯಾಮವ್ವ ಚಹಾ ತಂದಿಟ್ಟವರು ಹಾಗೇ ನಿಂತುಬಿಟ್ಟರು.

“ಇವರ್ನ ಯಾಕ ಹಾಕೀರಿ ಇಲ್ಲಿ?”

“ಇವರು ಯಾರೋ ರಾಜರಂತೆ ಅಮ್ಮ. ಆ ಹೋಟೆಲಲ್ಲಿ ಬಂದು ಇಳ್ಕೊಂಡಿದ್ರಂತೆ,” ಎಂದೆ ನಾನು.

“ರಾಜಾ?” ಎಂದು ಆಕೆ ನನ್ನ ಮುಖ ನೋಡಿದರು. “ತಂಗಿ, ಇವರು ನಮ್ಮನಿಯವರು.”

ನಾನು ನಕ್ಕೆ. ಆಕೆ ನಗಲಿಲ್ಲ. ಚಿತ್ರದಲ್ಲಿದ್ದ ಬಲಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟರು. ಅಲ್ಲಿ ಉದ್ದನೆಯ ಸುಟ್ಟ ಕಲೆ ಇತ್ತು. “ಇಸ್ತ್ರಿ ಮಷೀನ್ ಸುಟ್ಟದ್ದು. ನಾನ ಅರಿಷಿಣ ಹಚ್ಚೀನಿ. ಮಹಾರಾಜರ ಕೈಗೆ ಯಾರರೆ ಇಸ್ತ್ರಿ ಕೊಡ್ತಾರೇನು?”

ದೀಪಾಲಿಯ ಮುಖ ಬಿಳುಪೇರಿತು; ಆಕೆಗೆ ಮೊದಲೇ ಗುರುತು ಸಿಕ್ಕಿತ್ತೆಂದು ನನಗೆ ಆಗ ಹೊಳೆಯಿತು. ಮಾವನವರು ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿದ್ದರು ಎಂದೇ ಮದುವೆಗೆ ಮುಂಚೆ ಆಕೆಗೆ ಹೇಳಿದ್ದರಂತೆ. ಆಮೇಲೆ ಗೊತ್ತಾದರೂ ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅವತ್ತು ದ್ಯಾಮವ್ವ ಎಲ್ಲವನ್ನೂ ಹೇಳಿದರು. ಗಂಡ ಬೆಟಗೇರಿಯ ನೇಕಾರರ ಸೊಸೈಟಿಯಲ್ಲಿ ನೂಲು ತೂಗುವ ಕೆಲಸದಲ್ಲಿದ್ದರು. ಫ್ರೀಮಾಂಟ್‌ನಲ್ಲಿದ್ದ ಅಕ್ಕ ಕಾಗದ ಪತ್ರ ಮಾಡಿಸಿ ಕರೆಸಿಕೊಂಡಳು. ಬಂದು ಆರು ತಿಂಗಳಿಗೆ ಲಾಸನ್ ಪ್ಯಾಲೇಸಿನ ಲಾಂಡ್ರಿಗೆ ಸೇರಿದರು. ನೆಲಮಾಳಿಗೆಯಲ್ಲಿ ಐದು ವರ್ಷ ಬೇರೆಯವರು ಹೊದ್ದ ಚಾದರ ಒಗೆದು ಇಸ್ತ್ರಿ ಮಾಡಿದರು. ತೊಂಬತ್ಮೂರರಲ್ಲಿ ಹೋಟೆಲನ್ನು ಕೊಂಡ ಹೊಸ ಮಾಲೀಕರಿಗೆ ‘ಪೂರ್ವದೇಶದ ವೈಭವ’ ಬೇಕಾಯಿತು. ಲಾಬಿಯಲ್ಲಿ ಪ್ಲಾಸ್ಟರಿನ ಆನೆ ನಿಲ್ಲಿಸಿದರು. ಬಾಗಿಲಿಗೂ ಒಂದು ಬೇಕಲ್ಲ? ಲಾಂಡ್ರಿಯಲ್ಲಿ ಆರಡಿ ಎತ್ತರದ, ಮೀಸೆಯ ಆಳು ಕಣ್ಣಿಗೆ ಬಿದ್ದ. ಮರುದಿನವೇ ಜರತಾರಿ ಅಂಗಿ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದರು. ಆ ವೇಷಕ್ಕೆ ಅವರು ಇಟ್ಟ ಹೆಸರೇ ಮಹಾರಾಜ.

“ಮದ್ಲ ರೆಡಿಮೇಡ್ ಪಟಗಾ ಕೊಟ್ಟಿದ್ರು, ಟೊಪಗಿ ಹಂಗ,” ಎಂದರು ದ್ಯಾಮವ್ವ. “ಎರಡನೇ ದಿನಾನ ಗಾಳಿಗೆ ಹಾರಿ ಕೆರ್ಯಾಗ ಬಿತ್ತು. ಬಾತುಕೋಳಿ ಅದರ ಮ್ಯಾಲ ಕುಂತಿತ್ತಂತ. ಆಮ್ಯಾಲ ಇವರು ಕೆಂಪು ಅರಿವಿ ತಂದು, ತಮ್ಮಪ್ಪ ಸುತ್ತತಿದ್ದಂಗ ತಾವ ಸುತ್ಕೊಂಡ್ರು. ಇಪ್ಪತ್ಮೂರು ವರ್ಷ ದಿನಾ ಮುಂಜಾನೆ ಸುತ್ಕೊಂಡ್ರು.”

ಇಪ್ಪತ್ಮೂರು ವರ್ಷ, ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಕೂರಲು ಸ್ಟೂಲು ಕೇಳಿದರೆ ರಾಜ ಸ್ಟೂಲಿನ ಮೇಲೆ ಕೂತರೆ ಚೆಂದ ಕಾಣುವುದಿಲ್ಲ ಎಂದರಂತೆ. ಮನೆಗೆ ಬಂದ ಮೇಲೆ ಕಾಲು ಕುಂಬಳಕಾಯಿಯಾಗಿರುತ್ತಿತ್ತು. ದ್ಯಾಮವ್ವ ಎರಡು ಮನೆಯ ಕೂಸುಗಳನ್ನು ನೋಡಿಕೊಂಡು, ಸಂಜೆ ಗಂಡನ ಕಾಲಿಗೆ ಬಿಸಿ ಉಪ್ಪುನೀರು ಕಾಸುತ್ತಿದ್ದರು. ನಿವೃತ್ತಿಯಾಗಿ ಐದು ವರ್ಷಕ್ಕೆ ಅವರು ತೀರಿಕೊಂಡರು.

“ನಮ್ಮ ಮಂದೀನೂ ಬರ್ತಿದ್ರಂತ, ಮದವಿಗೆ, ಪಾರ್ಟಿಗೆ. ‘ಈ ಕೋಡಂಗಿ ನೋಡ್ರಿ’ ಅಂತ ಕನ್ನಡದಾಗ ಮಾತಾಡ್ಕೋತ ಬರ್ತಿದ್ರು. ಇವರು ಬಾಗಿಲಾ ತಗದು, ‘ಬರ್ರಿ, ಬರ್ರಿ’ ಅಂತಿದ್ರು. ಅವರ ಮಾರಿ ನೋಡಬೇಕಿತ್ತ ನೀವು, ಅಂತ ಮನಿಗೆ ಬಂದು ನಗತಿದ್ರು.”

ಆಗ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ತೊಂಬತ್ತೊಂಬತ್ತರಲ್ಲಿ ನಮ್ಮ ಕಂಪನಿಯ ಪಾರ್ಟಿ ಅಲ್ಲೇ ನಡೆದಿತ್ತು. ಮಳೆ ಬರುತ್ತಿತ್ತು. ಪೇಟದವನೊಬ್ಬ ಕೊಡೆ ಹಿಡಿದು, ‘ಹುಷಾರ್ರಿ ಅಕ್ಕಾರ, ಮೆಟ್ಲ ಜಾರತಾವ’ ಎಂದಿದ್ದ. ಜೊತೆಗೆ ಆಫೀಸಿನವರಿದ್ದರು. ನಾನು ಥ್ಯಾಂಕ್ಯೂ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವನು ನನಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡಿದ ಹಾಗೆ ನಟಿಸಿ ಒಳಗೆ ಹೋಗಿದ್ದೆ. ಗುರುಕಿರಣ್‌ನನ್ನು ಬೈಯಲು ನನಗೆ ಯಾವ ಬಾಯಿ ಇದೆ? ಆದರೂ ಬೈಯುತ್ತೇನೆ, ಆ ಮಾತು ಬೇರೆ.

ಸಂಜೆ ಅಜಯ ಆಫೀಸಿನಿಂದ ಬಂದವನು ವಿಷಯ ಕೇಳಿ ಶೂ ಬಿಚ್ಚದೆಯೇ ಬಾಗಿಲ ಹತ್ತಿರ ಕೂತ.

“ಅವ್ವಾ, ಬಿಡ ಬೇ. ರಾಜಾ ಅಂದ್ರ ಏನ್ ಲುಕ್ಸಾನ? ಅಪ್ಪಗ ಮರ್ಯಾದೀನ ಬಂತಲ್ಲ? ಅವತ್ತ ನನ್ನ ಟೀಮಿನವರು ಎಂಟು ಮಂದಿ ಫಂಕ್ಷನ್ನಿಗೆ ಬರಾಕತ್ತಾರ.”

“ಅವರು ರಾಜಾ ಆದ್ರ ನಾ ಯಾರಲೇ? ರಾಣಿ ಆಗಿದ್ರ ಮಂದಿ ಕೂಸಿನ ಕುಂಡಿ ತೊಳ್ಕೋತ ಯಾಕ ಕುಂದರ್ತಿದ್ದೆ?” ದ್ಯಾಮವ್ವನ ದನಿ ಏರಿತು. “ಅಷ್ಟು ವರ್ಷ ನಿಂತದ್ದು ಅವರು. ಆ ಫೋಟೋಕ್ಕ ಬ್ಯಾರೆ ಯಾರದೋ ಹೆಸರ ಹಚ್ಚಿದ್ರ, ಅವರು ಇದ್ದದ್ದ ಸುಳ್ಳ ಆಕ್ಕೈತಿ. ಗ್ವಾಡಿ ತೆರಿಯೂದರೊಳಗ ಅವರ ಹೆಸರ ಬರೀಬೇಕು. ಅಷ್ಟ.”

ನಾನು ಅವತ್ತೇ ಹೋಟೆಲಿಗೆ ಇಮೇಲು ಹಾಕಿದೆ. ಸಂಚಿಕೆಯ ಸಾಲು ತಿದ್ದು ಎಂದರೆ ಗುರುಕಿರಣ್, ಹೋಟೆಲಿನವರು ಒಪ್ಪದೆ ಆಗದು ಎಂದು ಅದನ್ನು ಹಾಗೇ ಅಚ್ಚಿಗೆ ಕಳಿಸಿದ. ಕುಟುಂಬದ ಹತ್ತಿರದವರು ಬಂದು ಚಿತ್ರ ಗುರುತಿಸಿ, ಹೆಸರನ್ನು ತಮ್ಮ ಬಾಯಿಂದಲೇ ಹೇಳಿ ರೆಕಾರ್ಡು ಮಾಡಿಸಬೇಕು ಎಂದು ಉತ್ತರ ಬಂತು. ಅಜಯ ತನಗೆ ಮೀಟಿಂಗಿದೆ ಎಂದ. ಅವನ ಮೀಟಿಂಗು ಆ ವಾರವೆಲ್ಲ ಮುಗಿಯಲೇ ಇಲ್ಲ.

ಗುರುವಾರ ನಾನೇ ದ್ಯಾಮವ್ವನನ್ನು ಕರೆದುಕೊಂಡು ಹೋದೆ. ಶತಮಾನೋತ್ಸವದ ಉಸ್ತುವಾರಿಯ ಹುಡುಗಿಯೊಬ್ಬಳು ನಮ್ಮನ್ನು ಲಾಬಿಯಲ್ಲಿ ಕೂರಿಸಿ, ಫೋನಿನ ರೆಕಾರ್ಡರ್ ಒತ್ತಿ, ಹಲ್ಲು ಬಿಟ್ಟು ಕೇಳಿದಳು: “ಈ ಚಿತ್ರದಲ್ಲಿರುವವರ ಹೆಸರು ಹೇಳಿ.”

ನಾನು ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಮ್ಮನಿಯವರು.”

“ಹೆಸರು ಹೇಳಬೇಕಂತೆ ಅಮ್ಮ.”

“ಗಂಡನ ಹೆಸರ ಹೆಂಗ ಹೇಳ್ಲಿ ತಂಗಿ? ನಲವತ್ತೊಂಬತ್ತು ವರ್ಷ ಬಾಳೇ ಮಾಡೀನಿ, ಬರೇ ಬಾಯಿಲೆ ಒಮ್ಮೆನೂ ಅಂದಿಲ್ಲ.”

“ಬರೆದುಕೊಡ್ತೀರಾ?”

“ನನ್ನ ಸಹಿ ಒಂದ ಬರ್ತೈತಿ.”

ಹೆಸರನ್ನು ನಾನು ಹೇಳುತ್ತೇನೆ, ಆಕೆ ಹೌದೆಂದು ತಲೆ ಅಲ್ಲಾಡಿಸುತ್ತಾರೆ ಎಂದು ಆ ಹುಡುಗಿಗೆ ಹೇಳಿದೆ. ಅದು ಕಾನೂನಿನ ಪ್ರಕಾರ ಆಗುವುದಿಲ್ಲ, ಬೇರೆಯವರ ಬಾಯಿಗೆ ನಾವು ಮಾತು ತುರುಕುವ ಹಾಗಿಲ್ಲ ಎಂದಳು. ನನ್ನ ಮೈ ಉರಿಯಿತು. ಅವಳೇ ಹೇಳಿದ ಹಾಗೆ, ಹಳೆಯ ಫೋಟೋಗಳ ಡಬ್ಬಿಯೊಂದರ ಮೇಲೆ ‘ಮಹಾರಾಜ, ೧೯೯೪’ ಎಂದು ಯಾರೋ ಗೀಚಿದ್ದನ್ನು ನೋಡಿ ಇವರು ಒಬ್ಬ ಮನುಷ್ಯನನ್ನು ರಾಜನನ್ನಾಗಿ ಮಾಡಿದ್ದರು. ಆಗ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಅವನನ್ನು ಬಾಗಿಲು ಕಾಯುವವನು ಎನ್ನುವುದಕ್ಕೆ ಮಾತ್ರ ಸಾಕ್ಷಿ, ರೆಕಾರ್ಡು, ಕಾನೂನು ಎಲ್ಲ ಬೇಕು.

ದಾರಿಯಲ್ಲಿ ಕಾರಿನೊಳಗೆ ನಾನು ಸಿಟ್ಟಿನಿಂದಲೇ ಅಂದೆ, “ನಿಮ್ಮ ಕಡೆ ಮದುವೇಲಿ ಹೆಂಗಸರು ಗಂಡನ ಹೆಸರು ಹೇಳ್ತಾರಲ್ಲ?”

“ಅದು ಒಡಪು ಹಚ್ಚಿ. ಹಾಡಿನಂಗ ನಾಕ ಮಾತ ಕಟ್ಟಿ, ಕಡೀಕ ಹೆಸರ ಹೇಳೂದು. ಮುತ್ತೈದೇರು ಕೇಳಿದ್ರ ಹೇಳಬೇಕು.” ಕಾರಿನ ಕಿಟಕಿಯ ಕಡೆ ತಿರುಗಿ ಹೇಳಿದರು, “ಗಂಡ ಹೋದ ಹೆಂಗಸಿಗೆ ಒಡಪು ಹೇಳಂತ ಯಾರ ಕೇಳ್ತಾರ?”

ಶನಿವಾರ ಮಧ್ಯಾಹ್ನ ನಾಲ್ಕುನೂರು ಜನ ಸೇರಿದರು. ಗಂಡಸರೆಲ್ಲ ಬಾಡಿಗೆ ಪೇಟ ಸುತ್ತಿಸಿಕೊಂಡಿದ್ದರು. ಕಾರು ನಿಲ್ಲಿಸಿಕೊಡುವ ವ್ಯಾಲೆ ಹುಡುಗರಿಗೆ ಕೀ ಎಸೆದು, ಅವರ ಮುಖವನ್ನೂ ನೋಡದೆ ಒಳಗೆ ಬರುತ್ತಿದ್ದರು. ಬುದ್ಧಿ ಎಲ್ಲಿ ಬದಲಾದೀತು? ಹೋಟೆಲಿನ ಮ್ಯಾನೇಜರು ಪರದೆ ಎಳೆದ. ಗೋಡೆಯ ಮೇಲೆ ಲಾಸನ್, ಅವನ ಇಬ್ಬರು ಹೆಂಡತಿಯರು, ನೌಕಾಪಡೆಯ ಅಧಿಕಾರಿಗಳು, ಯಾರೋ ನಟಿಯರು. ಅವರ ನಡುವೆ ಆಳೆತ್ತರದ ಮಹಾರಾಜರು. ಗುರುಕಿರಣ್ ಕೈಯಲ್ಲಿ ಗಂಧದ ಹಾರ ಹಿಡಿದು ಮೈಕಿನಲ್ಲಿ ಭಾಷಣ ಶುರು ಮಾಡಿದ: ನಮ್ಮ ನಾಡಿನ ಅರಸರು ಸಪ್ತ ಸಾಗರ ದಾಟಿ ಬಂದು, ಇದೇ ಬಾಗಿಲಲ್ಲಿ, ಇದೇ ನೆಲದ ಮೇಲೆ...

ನಾನು ಹೋಗಿ ಮೈಕು ಕಿತ್ತುಕೊಂಡೆ. ಅವನು “ಆಂಟಿ, ಆಂಟಿ” ಎಂದ. ಆಂಟಿ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದ ದ್ಯಾಮವ್ವನ ಹತ್ತಿರ ಹೋದೆ. ನಾನು ಮಂಡ್ಯದವಳು, ನಮ್ಮಲ್ಲಿ ಆ ಪದ್ಧತಿ ಹೇಗೋ ಏನೋ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಷ್ಟು ಕೇಳಿದೆ.

“ದ್ಯಾಮವ್ವೋರೇ, ಈ ಫೋಟೋದಲ್ಲಿ ಇರೋರು ನಿಮ್ಮ ಯಜಮಾನ್ರು. ನಾನು ಮುತ್ತೈದೆ, ಕೇಳ್ತಾ ಇದೀನಿ. ಒಡಪು ಹಚ್ಚಿ ಅವರ ಹೆಸರು ಹೇಳಿ.”

ಹಿಂದಿನ ಸಾಲಿನಲ್ಲಿ ಹುಬ್ಬಳ್ಳಿ ಕಡೆಯ ಹೆಂಗಸರ ಗುಂಪೊಂದಿತ್ತು. ಅದರಲ್ಲಿ ಈರವ್ವ ಎಂಬ ಮುದುಕಿ, ವಿಷಯ ಏನೆಂದು ತಿಳಿಯದೆಯೂ, ಅಭ್ಯಾಸಬಲದಿಂದ ಕೂಗಿದಳು: “ಹೇಳವಾ, ಹೆಸರ ಹೇಳು!” ಉಳಿದವರೂ ಕೂಗಿದರು. ದ್ಯಾಮವ್ವ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆಗೆ ತಿರುಗಿದರು.

“ಕೆರಿ ದಂಡಿ ಅರಮನಿಗೆ ಹಿತ್ತಾಳಿ ಬಾಗಿಲಾ,
ತಗದು ನಿಂತವರಿಗೆ ಗಾಳಿ, ಬಿಸಿಲಾ.
ರಾಜ ಅಲ್ಲ, ರಾವುತ ಅಲ್ಲ, ಬಾಗಿಲ ಕಾಯೂ ಅಪ್ಪ,
ನನ್ನ ಕೊರಳಾಗ ತಾಳಿ ಕಟ್ಟಿದವರು ವಿರುಪಾಕ್ಷಪ್ಪ.”

ಹಿಂದಿನ ಸಾಲಿನ ಹೆಂಗಸರು ಹೋ ಎಂದು ಚಪ್ಪಾಳೆ ಹೊಡೆದರು. ಗುರುಕಿರಣ್ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಸುತ್ತಿಕೊಂಡ. ಮ್ಯಾನೇಜರು, ಈಕೆ ಏನು ಹೇಳಿದರು ಎಂದು ಕೇಳಿದ. ಶಿವಾನಿ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. “ದಟ್ಸ್ ಮೈ ಅಜ್ಜ,” ಎಂದಳು. “ಹಿ ವಾಸ್ ದ ಡೋರ್‌ಮನ್ ಹಿಯರ್.” ಅಜಯ ತನ್ನ ಎಂಟು ಸಹೋದ್ಯೋಗಿಗಳ ಮಧ್ಯೆ ತಲೆ ತಗ್ಗಿಸಿ ಕೂತಿದ್ದ. ಅವರಲ್ಲೊಬ್ಬ ಅವನ ಬೆನ್ನು ತಟ್ಟಿ ಏನೋ ಹೇಳಿದ. ಅಜಯ ಎದ್ದು ಹೊರಗೆ ಹೋದ.

ಮ್ಯಾನೇಜರು ಎದೆಯ ಮೇಲೆ ಕೈಯಿಟ್ಟು, ಎಂಥ ಅದ್ಭುತ ಕತೆ, ಖಂಡಿತ ಸರಿಪಡಿಸುತ್ತೇವೆ ಎಂದ. ಉಸ್ತುವಾರಿಯ ಹುಡುಗಿ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಳು. ಊಟದಲ್ಲಿ ಜನ ಬಂದು ದ್ಯಾಮವ್ವನ ಜೊತೆ ಸೆಲ್ಫಿ ತೆಗೆದುಕೊಂಡರು. ಆ ಮಂದಿಯಲ್ಲಿ ವಿರುಪಾಕ್ಷಪ್ಪನವರ ಕೈಯಿಂದ ಬಾಗಿಲು ತೆಗೆಸಿಕೊಂಡವರು ಎಷ್ಟಿದ್ದರೋ, ಒಬ್ಬರೂ ಬಾಯಿ ಬಿಡಲಿಲ್ಲ. ಸಂಚಿಕೆಯ ಮೇಲೆ ತಿದ್ದುಪಡಿಯ ಚೀಟಿಯನ್ನಾದರೂ ಅಂಟಿಸೋಣ ಎಂದು ನಾನು ಗುರುಕಿರಣ್‌ಗೆ ಹೇಳಿದೆ. “ಸ್ಟಿಕ್ಕರ್ ಹಾಕಿದ್ರೆ ಅಸಹ್ಯ ಕಾಣತ್ತೆ ಆಂಟಿ, ಗ್ಲಾಸಿ ಪೇಪರ್ರು” ಎಂದ.

ಎರಡು ವಾರಕ್ಕೆ ಹೋಟೆಲಿನಿಂದ ಕಾಗದ ಬಂತು. ಸಾಕ್ಷ್ಯವನ್ನು ಒಪ್ಪಿಕೊಂಡಿದ್ದರು, ಧನ್ಯವಾದ ಹೇಳಿದ್ದರು. ಆದರೆ ಆ ಗೋಡೆ ಗಣ್ಯ ಅತಿಥಿಗಳಿಗೆ ಮೀಸಲು, ಸಿಬ್ಬಂದಿಯ ಚಿತ್ರಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ಚಿತ್ರವನ್ನು ಇಳಿಸಿದ್ದೇವೆ, ಬೇಕಿದ್ದರೆ ಬಂದು ಒಯ್ಯಬಹುದು ಎಂದಿತ್ತು.

ನಾನೂ ಅಜಯನೂ ಹೋದೆವು. ನಾನು ಕರೆದದ್ದಕ್ಕೆ ಆಫೀಸಿಗೆ ರಜೆ ಹಾಕಿ ಬಂದಿದ್ದ, ಅಷ್ಟು ಹೇಳಬೇಕು. ರಾಜ ಇದ್ದ ಜಾಗದಲ್ಲಿ ಈಗ ಲಾಸನ್‌ನ ಬೇಟೆನಾಯಿಯ ಚಿತ್ರ ತೂಗುಹಾಕಿದ್ದರು. ಕೆಳಗೆ ನಾಯಿಯ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಎಲ್ಲವನ್ನೂ ಹಿತ್ತಾಳೆಯಲ್ಲಿ ಕೆತ್ತಿಸಿದ್ದರು. ಅದಕ್ಕೆ ಯಾವ ಹೆಂಡತಿ ಬಂದು ಸಾಕ್ಷಿ ಹೇಳಿದ್ದಳೋ ಕಾಣೆ. ಅಜಯ ಆ ಫಲಕವನ್ನು ಎರಡು ಸಲ ಓದಿದ. ಚಿತ್ರವನ್ನು ಹಿಂಬಾಗಿಲಿನಿಂದ ಒಯ್ಯಿರಿ ಎಂದರು. ನಾನು ಜಗಳಕ್ಕೆ ನಿಂತೆ. ಅವನು ಆಳೆತ್ತರದ ಚೌಕಟ್ಟನ್ನು ಎದೆಗವಚಿಕೊಂಡು ಹೊರಟ. ಅವನ ಕಣ್ಣಲ್ಲಿ ನೀರಿತ್ತು.

ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆ ಅದು ಹಿಡಿಸಲಿಲ್ಲ. ಮೂರು ಮಹಡಿ ಹೊತ್ತು ಹತ್ತಿಸಿದೆವು. ಹೋಟೆಲಿನವರು ಹೀಗೆ ಮಾಡಿದರೆಂದು ದ್ಯಾಮವ್ವನಿಗೆ ಹೇಗೆ ಹೇಳುವುದೆಂದು ನಾನು ಮೆಟ್ಟಿಲುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಆಕೆ ಆಗಲೇ ಬಾಗಿಲು ತೆಗೆದು, ಅದು ಮುಚ್ಚಿಕೊಳ್ಳದ ಹಾಗೆ ಬೆನ್ನು ಕೊಟ್ಟು ನಿಂತಿದ್ದರು. ಅಜಯ ಹೊತ್ತಿದ್ದ ಚಿತ್ರವನ್ನು ನೋಡಿದರು. ನಾನು ಹೇಳುವುದು ಏನೂ ಉಳಿದಿರಲಿಲ್ಲ.

“ರಾಜಾ ಅಂತ ಇಟ್ಕೊಂಡಿದ್ರು, ನನ್ನ ಗಂಡ ಅಂತ ಗೊತ್ತಾದ ಮ್ಯಾಲ ಕಳಿಸಿಕೊಟ್ರು. ಚೊಲೋನ ಆತು,” ಎಂದರು. ಆಮೇಲೆ ಮಾತಾಡಿದ್ದು ನಮ್ಮ ಜೊತೆಗಲ್ಲ. “ಒಳಗ ಬರ್ರಿ. ಇನ್ನ ನಿಂದರೂದು ಬ್ಯಾಡ, ಕುಂದರ್ರಿ.”

ಅಜಯ ಗೋಡೆಯ ಕಡೆಗೆ ಹೋಗುತ್ತಿದ್ದವನು ತಡೆದು ನಿಂತ. ಸೋಫಾದ ಮೇಲಿದ್ದ ಲ್ಯಾಪ್‌ಟಾಪು, ದಿಂಬು ಎಲ್ಲ ಸರಿಸಿ, ಅಪ್ಪನನ್ನು ಅಲ್ಲಿ ಕೂರಿಸಿದ.